ಜೂಜುವಾಡಿ ಮೀನು ತಪಾಸಣಾ ಠಾಣೆ: ಸಿಬ್ಬಂದಿಗೆ ಕೈಪಿಡಿ

ಅತ್ತಿಬೆಲೆ ದಾಟಿ ಕರ್ನಾಟಕ ಮುಗಿದು ತಮಿಳುನಾಡು ಶುರುವಾಗುವ ಜೂಜುವಾಡಿಯಲ್ಲಿ ಜೀವಂತ ಮೀನು, ಮೀನುಮರಿ ಮತ್ತು ಗಾಳದ ಎರೆಯನ್ನು ತಪಾಸಣೆ ಮಾಡಲು ನೇಮಕವಾಗುವ ಅಧಿಕಾರಿಯ ಉಪಯೋಗಕ್ಕಾಗಿ ಈ ಕೈಪಿಡಿ. ಅಂಥ ಅಧಿಕಾರಿ ಸದ್ಯಕ್ಕೆ ಇಲ್ಲ. ಠಾಣೆಯೂ ಇಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಹುದ್ದೆ ಹುಟ್ಟುತ್ತದೆ, ಆಮೇಲೆ ಕಟ್ಟಡ, ಆಮೇಲೆ ಉದ್ಘಾಟನೆ. ಇಲ್ಲಿ ಏನು ಕೆಲಸ ಎಂಬ ಪ್ರಶ್ನೆ ಏಳುವ ಹೊತ್ತಿಗೆ ಕಟ್ಟಡ ಸೋರತೊಡಗಿರುತ್ತದೆ. ಈ ಸಲ ಕೆಲಸದಿಂದಲೇ ಶುರುಮಾಡೋಣ ಎಂದು ಕೈಪಿಡಿಯನ್ನು ಮುಂಚಿತವಾಗಿ ಸಿದ್ಧಪಡಿಸಲಾಗಿದೆ. ಹುದ್ದೆ ಮಂಜೂರಾದ ದಿನ ಓದಿಕೊಳ್ಳತಕ್ಕದ್ದು.

ಭಾಷಾಜ್ಞಾನದ ಅರ್ಹತೆ: ನಮೂನೆಗಳು ತಮಿಳಿನಲ್ಲಿರುತ್ತವೆ. ಡ್ರೈವರ್ ತೆಲುಗು ಮಾತಾಡುತ್ತಾನೆ. ಮೀನುಮರಿ ಕೊಂಡವನು ತಳಿ, ಕೆಲಮಂಗಲದ ಕಡೆಯ ಕನ್ನಡದವನು. ಮರಿ ಹುಟ್ಟಿದ್ದು ಬಂಗಾಳದಲ್ಲಿ. ಇವೆಲ್ಲಕ್ಕೂ ಒಗ್ಗುವವರು ಹೊಸೂರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಹೊರಗಿನವರನ್ನು ನೇಮಿಸಿ ತೊಂದರೆ ತಂದುಕೊಳ್ಳಬಾರದು.

ಕಾರ್ಯವ್ಯಾಪ್ತಿ

ಅಧಿಕಾರ ವಹಿಸಿಕೊಂಡ ಮೊದಲ ದಿನವೇ ಯಾರಾದರೂ ನಿಮ್ಮನ್ನು ಕೊಡಿಯಾಳದ ಕಡೆಗೆ ಕರೆದುಕೊಂಡು ಹೋಗಿ, "ಮೊದಲು ಇದನ್ನು ನಿಲ್ಲಿಸಿ ನೋಡೋಣ ಸಾರ್" ಎಂದು ನದಿ ತೋರಿಸುತ್ತಾರೆ. ಅದು ದಕ್ಷಿಣ ಪಿನಾಕಿನಿ. ನಂದಿಬೆಟ್ಟದ ಕಡೆ ಹುಟ್ಟಿ, ಬೆಂಗಳೂರಿನ ಪೂರ್ವಭಾಗದ ಕೊಳಚೆಯನ್ನೆಲ್ಲ ಮೈಮೇಲೆ ಹಾಕಿಕೊಂಡು, ಗಡಿ ದಾಟಿ ತೆಂಪೆಣ್ಣೈ ಎಂಬ ಹೆಸರಿಟ್ಟುಕೊಂಡು ಕೆಲವರಪಳ್ಳಿ ಅಣೆಕಟ್ಟೆಗೂ ಅಲ್ಲಿಂದ ಮುಂದೆ ಕೃಷ್ಣಗಿರಿ ಅಣೆಕಟ್ಟೆಗೂ ಇಳಿಯುತ್ತದೆ. ಮಳೆಗಾಲದಲ್ಲಿ ಕೆಲವರಪಳ್ಳಿಯ ಗೇಟು ಎತ್ತಿದರೆ ಆಳೆತ್ತರದ ನೊರೆ. ವರ್ತೂರು ಕೆರೆಯಲ್ಲಿ ಏನಿದೆಯೋ ಅದು ಇಲ್ಲಿಗೆ ಬಂದೇ ಬರುತ್ತದೆ, ಮೀನೂ ಮೀನಿನ ರೋಗವೂ ಸೇರಿ. ಅದಕ್ಕೆ ಪರ್ಮಿಟ್ ಇಲ್ಲ, ಟೋಲ್ ಇಲ್ಲ. ನದಿಯ ಮುಂದೆ ನಿಂತು ಸೀಟಿ ಊದಬೇಡಿ, ಜನ ನಗುತ್ತಾರೆ.

ನದಿಯನ್ನೇ ತಡೆಯಲಾಗದ ಮೇಲೆ ಲಾರಿ ತಡೆದು ಏನು ಪ್ರಯೋಜನ ಎಂದು ಮೇಲಧಿಕಾರಿಗಳು ಕೇಳಿದರೆ ಹೀಗೆ ಉತ್ತರಿಸತಕ್ಕದ್ದು. ನದಿ ಒಂದೇ ದಿಕ್ಕಿಗೆ, ಒಂದೇ ದಾರಿಯಲ್ಲಿ, ಇಳಿಜಾರಿಗೆ ಮಾತ್ರ ಹರಿಯುತ್ತದೆ. ತಳಿ, ಡೆಂಕಣಿಕೋಟೆ, ಅಂಚೆಟ್ಟಿಯ ಎತ್ತರದ ಕೆರೆಗಳಿಗೆ ಪಿನಾಕಿನಿಯ ಒಂದು ತೊಟ್ಟು ನೀರೂ ಹೋಗುವುದಿಲ್ಲ. ಆ ಸೀಮೆಯ ಹಳ್ಳಗಳು ಇನ್ನೊಂದು ಕಡೆಗೆ, ಚಿನ್ನಾರು ಸೇರಿ ಪಂಚಪಳ್ಳಿ ಅಣೆಕಟ್ಟೆಯ ಮೂಲಕ ಹೊಗೇನಕಲ್ಲಿನ ಬಳಿ ಕಾವೇರಿಗೆ ಇಳಿಯುತ್ತವೆ. ವರ್ತೂರು ಕೆರೆಯ ರೋಗ ಪಿನಾಕಿನಿ ಹಿಡಿದು ಕಡಲೂರಿನ ಸಮುದ್ರಕ್ಕೆ ಹೋದೀತು, ಕಾವೇರಿಗೆ ಹೋಗಲಾರದು. ಗುಡ್ಡ ಹತ್ತಿ, ಇನ್ನೊಂದು ನದಿಯ ಸೀಮೆಗೆ ದಾಟಿ, ಕೆರೆಯೊಳಗೆ ಇಳಿಯಬೇಕಾದರೆ ಅದಕ್ಕೆ ಟೆಂಪೊ ಬೇಕು, ಡ್ರಮ್ಮು ಬೇಕು, ನೂರು ರೂಪಾಯಿ ಡೀಸೆಲ್ ಬೇಕು. ನಿಮ್ಮ ಕಾರ್ಯವ್ಯಾಪ್ತಿ ಆ ಟೆಂಪೊ.

ಡ್ರಾಯರಿನಲ್ಲಿರುವ ಕಾನೂನುಗಳು

ಮೇಲಿನ ಡ್ರಾಯರಿನಲ್ಲಿ 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಇದೆ. ನೀರಿಗೆ ಸಿಡಿಮದ್ದು ಎಸೆಯುವವರನ್ನೂ ವಿಷ ಕಲಸುವವರನ್ನೂ ಹಿಡಿಯಲು ಬ್ರಿಟಿಷರು ಮಾಡಿದ್ದು. ಟೆಂಪೊದಲ್ಲಿ ಡೈನಮೈಟ್ ಸಿಕ್ಕಿದರೆ ಉಪಯೋಗಕ್ಕೆ ಬರುತ್ತದೆ. ಅದರ ಕೆಳಗೆ 1898ರ ಜಾನುವಾರು ಆಮದು ಕಾಯ್ದೆ, 2001ರಲ್ಲಿ ತಿದ್ದುಪಡಿಯಾದದ್ದು. ಹೊರದೇಶದಿಂದ ಜೀವಂತ ಮೀನು ತರಬೇಕಾದರೆ ಆರೋಗ್ಯ ಪ್ರಮಾಣಪತ್ರ ಬೇಕು, ಕೇಂದ್ರದಿಂದ ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್ ಬೇಕು, ಬಂದಿಳಿದ ಮೇಲೆ ಕ್ವಾರಂಟೈನ್ ಆಗಬೇಕು. ಇದು ಬರೀ ಕಾಗದದ ಮಾತಲ್ಲ. ಚೆನ್ನೈನ ನೀಲಾಂಗರೈಯಲ್ಲಿ 2009ರಿಂದ ವನ್ನಾಮಿ ಸಿಗಡಿಗೆಂದೇ ಕ್ವಾರಂಟೈನ್ ಕೇಂದ್ರ ನಡೆಯುತ್ತಿದೆ. ವಿಮಾನದಲ್ಲಿ ಬಂದ ತಾಯಿಸಿಗಡಿಗಳನ್ನು ಅಲ್ಲಿ ಪ್ರತ್ಯೇಕ ತೊಟ್ಟಿಗಳಲ್ಲಿಟ್ಟು, ಪಿಸಿಆರ್ ಪರೀಕ್ಷೆ ಮಾಡಿ, ವೈರಸ್ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಮರಿ ಕೇಂದ್ರಗಳಿಗೆ ಬಿಡುತ್ತಾರೆ. ನಮ್ಮ ದೇಶದಲ್ಲಿ ಮನುಷ್ಯರಿಗೂ ಇಷ್ಟು ಉಪಚಾರ ಸಿಕ್ಕಿದ್ದು ಕೊರೊನಾ ಕಾಲದಲ್ಲಿ ಮಾತ್ರ.

ಕೆಳಗಿನ ಡ್ರಾಯರಿನಲ್ಲಿ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯ ಪ್ರತಿಯೊಂದು ಸಿಗಬಹುದು. ಯಾರೋ ಮರೆತು ಬಿಟ್ಟುಹೋದದ್ದು. ಗಡಿಯ ಈಚೆ ಅದು ನಡೆಯುವುದಿಲ್ಲ. 2022ರಲ್ಲಿ ವನ್ಯಜೀವಿ ಕಾಯ್ದೆಗೆ ಬಂದ ತಿದ್ದುಪಡಿಯನ್ನೂ ಇಡಲಾಗಿದೆ. ಆಕ್ರಮಣಕಾರಿ ಪರಕೀಯ ಪ್ರಭೇದಗಳ ಆಮದು, ಮಾರಾಟ, ಸಾಕಣೆಯನ್ನು ಅಧಿಸೂಚನೆ ಹೊರಡಿಸಿ ನಿಯಂತ್ರಿಸುವ ಅಧಿಕಾರವನ್ನು ಅದು ಕೇಂದ್ರಕ್ಕೆ ಕೊಡುತ್ತದೆ.

ಮೂರನೆಯ ಡ್ರಾಯರು ಖಾಲಿ. ನಿಮ್ಮ ಮುಂದೆ ಹಾದುಹೋಗುವ ಟೆಂಪೊಗಳಿಗೆ ನಿಜವಾಗಿ ಬೇಕಾದದ್ದು ಅಲ್ಲಿರಬೇಕಿತ್ತು. ಹವಾಯಿಯ ಸಿಗಡಿಗೆ ಚೆನ್ನೈನಲ್ಲಿ ರಕ್ತಪರೀಕ್ಷೆ ಉಂಟು. ನೈಹಾಟಿಯ ಕಾಟ್ಲಾ ಮರಿ ಬೆಂಗಳೂರಿಗೆ ಬಂದು, ಅಲ್ಲಿಂದ ರಸ್ತೆ ಹಿಡಿದು ಶೂಳಗಿರಿಗೆ ಹೋಗುವಾಗ "ನಿನಗೆ ಮೈ ಹುಷಾರಿದೆಯೇನಪ್ಪಾ" ಎಂದು ಗಡಿಯಲ್ಲಿ ಕೇಳುವವರು ಯಾರೂ ಇಲ್ಲ. ಮರಳಿನ ಲಾರಿಗಾದರೂ ನಾಲ್ಕು ಕಡೆ ಕೈ ಅಡ್ಡ ಬರುತ್ತದೆ.

ಸಾಮಗ್ರಿ

ಬಿಳಿ ಪ್ಲಾಸ್ಟಿಕ್ ಬಕೆಟ್ ಒಂದು (ಬಿಳಿಯೇ ಆಗಬೇಕು, ನೀಲಿಯಲ್ಲಿ ಏನೂ ಕಾಣುವುದಿಲ್ಲ). ಭೂತಗನ್ನಡಿ. ಚಹಾ ಸೋಸುವ ಜಾಲರಿಯ ದೊಡ್ಡಣ್ಣ. ಹರಳುಪ್ಪು ಒಂದು ಮೂಟೆ. ಬ್ಲೀಚಿಂಗ್ ಪುಡಿ. ಸುಣ್ಣ. ಗುದ್ದಲಿ. ಕುರ್ಚಿ.

ಕುರ್ಚಿ ಬಂದು ಉಳಿದವು ಬಾರದಿದ್ದಲ್ಲಿ ಪತ್ರ ಬರೆಯುತ್ತಿರತಕ್ಕದ್ದು.

ವಾಹನ ನಿಲ್ಲಿಸುವ ಕ್ರಮ

ಮೀನಿನ ಗಾಡಿಯನ್ನು ಗುರುತಿಸುವುದು ಸುಲಭ. ಹಿಂದೆ ನೀಲಿ ಡ್ರಮ್ಮುಗಳು, ಇಲ್ಲವೇ ಆಮ್ಲಜನಕ ತುಂಬಿ ಬಾಯಿ ಕಟ್ಟಿದ ಪಾಲಿಥಿನ್ ಚೀಲಗಳನ್ನಿಟ್ಟ ರಟ್ಟಿನ ಪೆಟ್ಟಿಗೆಗಳು. ಮರಿ ಸತ್ತರೆ ನಷ್ಟವಾದ್ದರಿಂದ ಡ್ರೈವರ್ ಅವಸರದಲ್ಲಿರುತ್ತಾನೆ. ಹಾಗಾಗಿ ಬಿಸಿಲೇರುವ ಮುಂಚೆ ಮುಗಿಸಿ ಕಳಿಸಿ. ಮಾತುಕತೆ ಹೀಗೆ ನಡೆಯುತ್ತದೆ:

"ಏನಣ್ಣಾ ಲೋಡು?"

"ಮೀನ್‌ಮರಿ ಸಾರ್."

"ಯಾವ್ ಮೀನು?"

"ಎಲ್ಲಾ ಮಿಕ್ಸು. ಕಾಟ್ಲಾ, ರೋಹು, ಮಿರ್ಗಲ್... ಸ್ವಲ್ಪ ರೂಪ್‌ಚಂದ್."

"ಎಲ್ಲಿಂದ?"

"ಬೆಂಗ್ಳೂರಿಂದ ಸಾರ್."

"ಬೆಂಗ್ಳೂರಿಗೆ ಎಲ್ಲಿಂದ ಬಂತು?"

ಇಲ್ಲಿ ಡ್ರೈವರ್ ತಲೆ ಕೆರೆದುಕೊಂಡು "ಅದು ಓನರ್‌ಗೆ ಗೊತ್ತು ಸಾರ್" ಎನ್ನುತ್ತಾನೆ. ಓನರಿಗೆ ಫೋನು ಹಚ್ಚಿದರೆ ಆತ "ಏಜೆಂಟಿಗೆ ಗೊತ್ತು" ಎನ್ನುತ್ತಾನೆ. ಈ ಕೊನೆಯ ಪ್ರಶ್ನೆಯೇ ನಿಮ್ಮ ಹುದ್ದೆಯ ಸಾರಸರ್ವಸ್ವ. ಅದಕ್ಕೆ ಉತ್ತರ ಬರೆಯುವ ಕಾಲಮ್ಮನ್ನು ನಮೂನೆಯಲ್ಲಿ ಅಗಲವಾಗಿ ಬಿಡಲಾಗಿದೆ. ರೂಪ್‌ಚಂದ್ ಎಂಬ ಚೆಲುವ ದಕ್ಷಿಣ ಅಮೆರಿಕದವನು, ಬಾಂಗ್ಲಾದೇಶದ ದಾರಿಯಾಗಿ ಬಂಗಾಳಕ್ಕೆ ಬಂದು, ಅಲ್ಲಿಂದ ದೇಶವೆಲ್ಲ ಹಬ್ಬಿ ಈಗ ಮಾರುಕಟ್ಟೆಯಲ್ಲಿ ಪಾಂಫ್ರೆಟ್ ಎಂಬ ಹೆಸರಿನಲ್ಲೂ ಕೂತಿರುತ್ತಾನೆ ಎಂಬುದನ್ನು ಡ್ರೈವರಿಗೆ ಹೇಳಲು ಹೋಗಬೇಡಿ, ಅವನಿಗೆ ತಡವಾಗುತ್ತದೆ.

ಬಕೆಟ್ ಪರೀಕ್ಷೆ

ಡ್ರಮ್ಮಿನಿಂದ ಹತ್ತಿಪ್ಪತ್ತು ಮರಿಗಳನ್ನು ಜಾಲರಿಯಲ್ಲೆತ್ತಿ ಬಿಳಿ ಬಕೆಟ್ಟಿಗೆ ಬಿಡಿ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ. ಮರಿಯೊಂದು ಬಕೆಟ್ಟಿನ ಗೋಡೆಗೆ ಮೈ ಉಜ್ಜಿಕೊಂಡು ಸರ‍್ರನೆ ಪಕ್ಕಕ್ಕೆ ಹೊರಳಿದರೆ ಹಿಡಿದು ಅಂಗೈಯಲ್ಲಿಟ್ಟು ಭೂತಗನ್ನಡಿ ಹಿಡಿಯಿರಿ. ಹುರುಪೆಯ ಮೇಲೆ ಪಾರದರ್ಶಕವಾದ, ಚಪ್ಪಟೆಯಾದ, ಎರಡು ಕರಿ ಕಣ್ಣಿನ ಚುಕ್ಕೆಯಿರುವ ಬಿಲ್ಲೆಯೊಂದು ಜಾರುತ್ತ ಹೋಗುತ್ತಿದ್ದರೆ ಅದು ಮೀನುಹೇನು. ಬೆರಳಿನಿಂದ ಒತ್ತಿದರೆ ಸಾಯುವುದಿಲ್ಲ, ಜಾರಿ ಇನ್ನೊಂದು ಪಕ್ಕಕ್ಕೆ ಹೋಗುತ್ತದೆ. ಅದು ಮೊಟ್ಟೆ ಇಡುವುದು ಮೀನಿನ ಮೈಮೇಲಲ್ಲ. ಕಲ್ಲು, ಕೋಲು, ಗಟ್ಟಿಯಾದ ಯಾವುದರ ಮೇಲಾದರೂ ಸಾಲಾಗಿ ಅಂಟಿಸಿಡುತ್ತದೆ. ಆದ್ದರಿಂದ ಮೀನನ್ನಷ್ಟೇ ನೋಡಿ ಬಿಡಬೇಡಿ, ಡ್ರಮ್ಮಿನ ಒಳಗೋಡೆ ಸವರಿ ನೋಡಿ. ಹೋದ ವಾರ ಬೇರೆ ಕೆರೆಯಿಂದ ಬಂದ ಡ್ರಮ್ಮೇ ಇದು.

ರೆಕ್ಕೆಯ ಬುಡದಲ್ಲಿ ದಾರದ ತುಂಡು ನೇತಾಡಿದಂತೆ ಕಂಡರೆ, ತುದಿಯಲ್ಲಿ ಎರಡು ಪುಟ್ಟ ಚೀಲಗಳಿದ್ದರೆ, ಲಂಗರು ಹುಳು. ತಲೆ ಮಾಂಸದೊಳಗೆ ಊರಿರುತ್ತದೆ. ಎಳೆದರೆ ಹುಳು ತುಂಡಾಗುತ್ತದೆ, ತಲೆ ಅಲ್ಲೇ ಉಳಿಯುತ್ತದೆ. ಇದನ್ನು ನಿಮ್ಮ ಮೇಲಧಿಕಾರಿಗೆ ತೋರಿಸಿದರೆ ನಿಮಗೆ ಭೂತಗನ್ನಡಿ ಬೇಗ ಮಂಜೂರಾಗುತ್ತದೆ.

ಮೈಮೇಲೆ ಕೆಂಪು ಗಾಯ, ಮಧ್ಯೆ ಮಾಂಸ ಕಾಣುವಷ್ಟು ಕುಳಿ ಬಿದ್ದಿದ್ದರೆ ಕುರ್ಚಿಯಿಂದ ಎದ್ದು ನಿಲ್ಲಿ. ಈ ಹುಣ್ಣುರೋಗದ ಚರಿತ್ರೆ ನಿಮಗೆ ಗೊತ್ತಿರಬೇಕು. 1971ರಲ್ಲಿ ಜಪಾನಿನಲ್ಲಿ ಕಾಣಿಸಿತು, ಮರುವರ್ಷ ಆಸ್ಟ್ರೇಲಿಯಾದಲ್ಲಿ. ಆಗ್ನೇಯ ಏಷ್ಯಾದ ಗದ್ದೆ ಕೆರೆಗಳನ್ನೆಲ್ಲ ಸುತ್ತಿ, ಶ್ರೀಲಂಕಾ ಮುಟ್ಟಿ, 1988ರಲ್ಲಿ ಬಾಂಗ್ಲಾದೇಶ ಮತ್ತು ನಮ್ಮ ಈಶಾನ್ಯ ರಾಜ್ಯಗಳಿಗೆ ಬಂತು. ಕೆಲವೇ ವರ್ಷಗಳಲ್ಲಿ ದಕ್ಷಿಣದ ಕೆರೆಗಳಿಗೂ ಇಳಿಯಿತು. ಕೊರವನ ಮೀನು, ತಮಿಳಿನವರು ವಿರಾಲ್ ಎನ್ನುವ ಅದೇ ಗಟ್ಟಿ ಜೀವ, ನೀರಿಲ್ಲದೆಯೂ ಕೆಸರಲ್ಲಿ ಬದುಕುವಂಥದ್ದು, ಮೈ ತುಂಬ ಹುಣ್ಣಾಗಿ ದಡದಲ್ಲಿ ಬಂದು ಬಿತ್ತು. ರೋಗಕ್ಕೆ ಕಾರಣ ಬೂಷ್ಟನ್ನು ಹೋಲುವ ಒಂದು ಜೀವಿ, ಅಫನೋಮೈಸಿಸ್ ಇನ್ವಡಾನ್ಸ್. ಅದರ ಬೀಜಕಗಳು ನೀರಿನಲ್ಲಿ ತಾವೇ ಈಜುತ್ತವೆ. ಮಳೆ ಮುಗಿದು ನೀರು ತಣ್ಣಗಾಗುವ ಕಾಲದಲ್ಲಿ ಅದರ ಆಟ ಜೋರು. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಆ ಹುಣ್ಣು ನೋಡಿದವರು ತಿಂಗಳುಗಟ್ಟಲೆ ಮೀನು ಮುಟ್ಟಲಿಲ್ಲ, ರೋಗ ಬಾರದ ಕೆರೆಯ ಬೆಸ್ತರ ಹೊಟ್ಟೆಗೂ ಏಟು ಬಿತ್ತು. ಇದರ ದಾಯಾದಿಯೊಂದು 19ನೇ ಶತಮಾನದಲ್ಲಿ ಯೂರೋಪಿನ ನದಿಗಳ ಸಿಹಿನೀರಿನ ಸಿಗಡಿಯಂಥ ಕ್ರೇಫಿಶ್‌ಗಳನ್ನು ಗುಡಿಸಿಹಾಕಿತ್ತು. ಅಲ್ಲೂ ಹೊರಗಿನಿಂದಲೇ ಬಂದದ್ದು.

ಬಕೆಟ್ಟಿನಲ್ಲಿ ಕಾಣದವು ಇನ್ನೂ ಇವೆ. ತಿಲಾಪಿಯಾ ಲೇಕ್ ವೈರಸ್ 2014ರಲ್ಲಿ ಇಸ್ರೇಲಿನಲ್ಲಿ ಪತ್ತೆಯಾಗಿ 2018ರ ಹೊತ್ತಿಗೆ ಭಾರತದಲ್ಲೂ ವರದಿಯಾಯಿತು. ಚಿನ್ನದ ಮೀನಿನ ಹರ್ಪಿಸ್ ವೈರಸ್ ಕೂಡ ಇಲ್ಲಿ ಸಿಕ್ಕಿದೆ. ಇದಕ್ಕೆಲ್ಲ ಪಿಸಿಆರ್ ಬೇಕು. ನಿಮ್ಮ ರಾಜ್ಯದ ಪ್ರಯೋಗಾಲಯ ಚೆನ್ನೈನ ಮಾಧವರಂನಲ್ಲಿ, ಮೀನುಗಾರಿಕೆ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರ್. ಬೆಂಗಳೂರಿನ ಹೆಬ್ಬಾಳದಲ್ಲಿ ಮೀನುಗಾರಿಕೆ ಸಂಶೋಧನಾ ಕೇಂದ್ರವೊಂದಿದೆ, ಟ್ರಾಫಿಕ್ ಇಲ್ಲದಿದ್ದರೆ ಒಂದೂವರೆ ಗಂಟೆ. ಆದರೆ ಅದು ಇನ್ನೊಂದು ರಾಜ್ಯದ್ದು. ವೈರಸ್ಸಿಗೆ ಈ ತೊಡಕಿಲ್ಲ.

ವಶಪಡಿಸಿಕೊಂಡ ಮೀನಿನ ವಿಲೇವಾರಿ

ಹೆಚ್ಚು ಎಡವಟ್ಟಾಗುವುದು ಇಲ್ಲಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ನಿಷೇಧಿಸಿ ಎರಡು ದಶಕ ದಾಟಿದೆ, 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಅದನ್ನು ನಾಶಪಡಿಸಿ ಎಂದಿದೆ. ಆದರೂ ಗಡಿಯ ಎರಡೂ ಕಡೆ, ಹೊಸಕೋಟೆಯ ಸುತ್ತಮುತ್ತಲಿಂದ ಕೃಷ್ಣಗಿರಿ ಜಿಲ್ಲೆಯವರೆಗೆ, ತೋಟದ ಮರೆಯ ಹೊಂಡಗಳಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ತಿಂದು ಬೆಳೆಯುತ್ತಿರುತ್ತದೆ. ಅಧಿಕಾರಿಗಳು ಆಗಾಗ ಹೊಂಡ ಮುಚ್ಚಿಸುತ್ತಾರೆ, ಪತ್ರಿಕೆಯಲ್ಲಿ ಜೆಸಿಬಿಯ ಚಿತ್ರ ಬರುತ್ತದೆ, ಮುಂದಿನ ವರ್ಷ ಪಕ್ಕದ ತೋಟ. ಹಳೆ ಕಾಲದ ನಮ್ಮ ಮಾಗುರ್ ಮೀನು ಅರ್ಧ ಕಿಲೋ ದಾಟುವುದು ಅಪರೂಪ. ಮೀಸೆಯ ಮೀನೊಂದು ಎರಡು ಮೂರು ಕಿಲೋ ತೂಗಿ ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ಅದು ಇವನೇ. ಗಾಳಿಯನ್ನೇ ಉಸಿರಾಡುತ್ತದೆ. ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೂ ಊರು ತಲುಪುತ್ತದೆ.

ಹಿಡಿದ ಮೇಲೆ ಏನು ಮಾಡುತ್ತೀರಿ? ಪುಣ್ಯಾತ್ಮ ಪೇದೆಯೊಬ್ಬ "ಪಾಪ, ಜೀವ ಅಲ್ವಾ ಸಾರ್" ಎಂದು ಹತ್ತಿರದ ಕೆರೆಗೆ ಬಿಟ್ಟರೆ ನಿಮ್ಮ ದಾಳಿಯೇ ಆ ಮೀನಿಗೆ ಬಿಡುಗಡೆ ಸಮಾರಂಭವಾಯಿತು. ಆಳವಾಗಿ ಗುಂಡಿ ತೋಡಿ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಹಾಕಿ ಮುಚ್ಚತಕ್ಕದ್ದು. ಕೆರೆಯ ಏರಿಯಿಂದ ದೂರ. ಡ್ರಮ್ಮಿನ ನೀರಿಗೂ ಬ್ಲೀಚಿಂಗ್ ಪುಡಿ ಕದಡಿ ಒಣ ನೆಲಕ್ಕೆ ಚೆಲ್ಲತಕ್ಕದ್ದು. ಗುದ್ದಲಿ ಸಾಮಗ್ರಿ ಪಟ್ಟಿಯಲ್ಲಿ ಏಕಿದೆ ಎಂದು ಲೆಕ್ಕಪರಿಶೋಧಕರು ಕೇಳಿದರೆ ಇದನ್ನು ತೋರಿಸಿ.

ಮಾಮೂಲು: ನಿಮಗೆ ಬರುವ ಮಾಮೂಲು ಒಂದು ಚೀಲ ಚೆಂದದ ಮರಿಗಳ ರೂಪದಲ್ಲಿ ಬರಬಹುದು. ಅದನ್ನು ಮನೆಯ ಬಾವಿಗೆ ಬಿಟ್ಟುಕೊಂಡರೆ ರೋಗವನ್ನೇ ಲಂಚವಾಗಿ ಪಡೆದ ಮೊದಲ ಸರ್ಕಾರಿ ನೌಕರ ನೀವಾಗುತ್ತೀರಿ.

ಎರೆಯ ಬಗ್ಗೆ

ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಗಾಳದ ಕೋಲು ಕಟ್ಟಿಕೊಂಡು ಬರುವ ಹುಡುಗರನ್ನು ತಡೆದಾಗ ಮರ್ಯಾದೆಯಿಂದ ಮಾತಾಡಿಸಿ. ಡಬ್ಬಿಯಲ್ಲಿ ರಾಗಿಹಿಟ್ಟಿನ ಉಂಡೆ, ಮೈದಾ, ಕಡಲೆಹಿಂಡಿ ಇದ್ದರೆ ಸಲಾಮು ಹೊಡೆದು ಕಳಿಸಿ. ಕಾವೇರಿಯ ಭೀಮೇಶ್ವರಿ, ಗಾಳಿಬೋರೆಯಲ್ಲಿ ಗಾಳದ ಶಿಬಿರ ನಡೆಯುತ್ತಿದ್ದ ಕಾಲದಲ್ಲಿ ವಿದೇಶದಿಂದ ಬಂದ ದೊರೆಗಳೂ ಮಹಸೀರ್ ಹಿಡಿದದ್ದು ನಮ್ಮ ರಾಗಿಮುದ್ದೆಯಲ್ಲೇ. ಬೇಯಿಸಿದ ರಾಗಿಯಲ್ಲಿ ಮೀನಿನ ರೋಗ ಇರಲಾರದು. ಇದಕ್ಕಿಂತ ನಿರಪಾಯದ ಎರೆಯನ್ನು ಯಾವ ಕಂಪನಿಯೂ ಪ್ಯಾಕೆಟ್ಟಿನಲ್ಲಿ ಮಾರಿಲ್ಲ.

ಕೊರವನ ಮೀನಿಗೆ ಗಾಳ ಹಾಕುವವರ ಬಳಿ ಮಾತ್ರ ಇನ್ನೊಂದು ಡಬ್ಬಿ ಇರುತ್ತದೆ. ಮುಚ್ಚಳಕ್ಕೆ ಮೊಳೆಯಿಂದ ತೂತು, ಒಳಗೆ ಯಾವುದೋ ಕೆರೆಯ ನೀರು, ಅದರಲ್ಲಿ ಬೆರಳುದ್ದದ ಜೀವಂತ ಮೀನುಗಳು. ಸಂಜೆ ಉಳಿದವನ್ನು ನೀರಿನ ಸಮೇತ ಹೊಸ ಕೆರೆಗೆ ಸುರಿದು ಹೋಗುತ್ತಾರೆ. ಅವರ ಲೆಕ್ಕದಲ್ಲಿ ಅದು ಪುಣ್ಯದ ಕೆಲಸ. ಹುಡುಗರು ನಕ್ಕು "ಒಂದು ಡಬ್ಬಿ ನೀರಿನಲ್ಲಿ ಏನಾಗುತ್ತೆ ಸಾರ್" ಎಂದರೆ ಆಸ್ಟ್ರೇಲಿಯಾದ ಕಥೆ ಹೇಳಿ. 1995ರಲ್ಲೂ ಮತ್ತೆ 1998ರಲ್ಲೂ ಅಲ್ಲಿನ ದಕ್ಷಿಣ ಕರಾವಳಿಯುದ್ದಕ್ಕೂ ಸಾವಿರಾರು ಕಿಲೋಮೀಟರ್ ಪಿಲ್ಚರ್ಡ್ ಮೀನು ಸತ್ತು ತೇಲಿತು. ಕಾರಣ ಹರ್ಪಿಸ್ ವೈರಸ್. ಸಾಕಿದ ಟ್ಯೂನಾಗೆ ಹಾಕಲು ಹೊರದೇಶದಿಂದ ತರಿಸಿದ ಹೆಪ್ಪುಗಟ್ಟಿಸಿದ ಮೀನಿನ ಮೇಲೆ ಹಲವರ ಗುಮಾನಿ ಹೋಯಿತು. 2016ರ ಕೊನೆಯಲ್ಲಿ ಕ್ವೀನ್ಸ್‌ಲ್ಯಾಂಡಿನ ಲೋಗನ್ ನದಿಯ ದಂಡೆಯ ಸಿಗಡಿ ಸಾಕಣೆಗಳಿಗೆ ಬಿಳಿಚುಕ್ಕೆ ರೋಗ ತಗುಲಿತು. ನಮ್ಮ ಕರಾವಳಿಯವರು 1994ರಿಂದ ಹೊಡೆತ ತಿನ್ನುತ್ತಿರುವ ಅದೇ ರೋಗ. ಅಂಗಡಿಯಲ್ಲಿ ಅಡುಗೆಗೆಂದು ಮಾರುವ ಹಸಿ ಆಮದು ಸಿಗಡಿಯನ್ನು ಯಾರೋ ಗಾಳಕ್ಕೆ ಚುಚ್ಚಿದ್ದೇ ಮೂಲವಿರಬಹುದು ಎಂಬ ಸಂಶಯ ಎದ್ದು, ಸಾಕಣೆಗಳನ್ನು ಖಾಲಿ ಮಾಡಿಸಿ, ಆ ಪ್ರದೇಶದಿಂದ ಹಸಿ ಸಿಗಡಿ ಹೊರಗೆ ಒಯ್ಯುವುದನ್ನೇ ನಿರ್ಬಂಧಿಸಿದರು. ಅಡುಗೆಗೆ ತಂದದ್ದು ಬಾಣಲೆಗೇ ಹೋಗಬೇಕು.

ಬಾಣಲೆಯ ಪ್ರಸ್ತಾಪ ಬಂದದ್ದರಿಂದ ಒಂದು ಮಾತು. ಕೃಷ್ಣಗಿರಿ ಅಣೆಕಟ್ಟೆಯ ಬಳಿ ಮೀನು ಹುರಿದು ಕೊಡುವ ಅಂಗಡಿಗಳ ಸಾಲಿದೆ. ಅಲ್ಲಿ ಜಿಲೇಬಿ ಎಂದು ಕರೆಯುವುದು ತಿಲಾಪಿಯಾವನ್ನು. ಆಫ್ರಿಕ ಮೂಲದ ಈ ಮೀನು 1952ರಲ್ಲಿ ಭಾರತಕ್ಕೆ ಬಂತು, 1959ರಲ್ಲಿ ಇದನ್ನು ಹರಡಬಾರದೆಂದು ನಿಷೇಧವಾಯಿತು, ಅಷ್ಟರಲ್ಲಿ ಅದು ಹರಡಿ ಆಗಿತ್ತು. ಈಗ ಅದರ ದಾಯಾದಿ ತಿಲಾಪಿಯಾದ ಸುಧಾರಿತ ತಳಿ ಗಿಫ್ಟ್ ಎಂಬ ಹೆಸರಿನಲ್ಲಿ, ಪರವಾನಗಿಯೊಂದಿಗೆ, ಸರ್ಕಾರಿ ಮರ್ಯಾದೆಯಿಂದ ಬಂದಿದೆ. ಇದು ಸರಿಯೋ ತಪ್ಪೋ ಎಂದು ಠಾಣೆಯಲ್ಲಿ ಚರ್ಚೆ ಮಾಡತಕ್ಕದ್ದಲ್ಲ. ಕಾದ ಎಣ್ಣೆಯಲ್ಲಿ ಬೆಂದದ್ದು ಮಾತ್ರ ಪೂರ್ಣ ಕ್ವಾರಂಟೈನ್ ಮುಗಿಸಿದ ಮೀನು, ಅದಕ್ಕೆ ನಿಮ್ಮ ಸಹಿ ಬೇಕಾಗಿಲ್ಲ.

ಒಳ್ಳೆಯವರನ್ನು ನಿಭಾಯಿಸುವುದು

ಕಳ್ಳಸಾಗಣೆದಾರನಿಗಿಂತ ಕಷ್ಟದವರು ಇವರು. ಬೆಂಗಳೂರಿನ ಫ್ಲ್ಯಾಟ್ ಖಾಲಿ ಮಾಡಿ ಊರಿಗೆ ಬರುವ ದಂಪತಿ ಅಕ್ವೇರಿಯಂನ ಸಕ್ಕರ್ ಮೀನನ್ನು ಟಾಯ್ಲೆಟ್ಟಿಗೆ ಸುರಿಯಲು ಮನಸ್ಸು ಬಾರದೆ ಹೊಸೂರಿನ ರಾಮನಾಯಕನ ಕೆರೆಗೆ ಬಿಡಲು ತಂದಿರುತ್ತಾರೆ. ಮಗು ಹಿಂದಿನ ಸೀಟಿನಲ್ಲಿ ಅಳುತ್ತಿರುತ್ತದೆ. "ಅಮ್ಮಾ, ಇದು ಕೆರೆಗೆ ಬೇಡಮ್ಮಾ, ಮೀನು ಸಾಕುವವರಿಗೇ ಕೊಡಿ" ಎಂದು ಹೇಳಿ ಅಂಗಡಿಯ ದಾರಿ ತೋರಿಸಿ. ಮಗುವಿಗೆ ಭೂತಗನ್ನಡಿ ಕೊಡಿ.

ಇವರೆಲ್ಲರಿಗಿಂತ ಒಳ್ಳೆಯವರು ಸರ್ಕಾರ ಮತ್ತು ಕಂಪನಿಗಳು. ಈ ಭಾಗವನ್ನು ನಿಧಾನವಾಗಿ ಓದಿ, ಏಕೆಂದರೆ ಇದರಲ್ಲಿ ಕಳ್ಳರೇ ಇಲ್ಲ. ಅಂಚೆಟ್ಟಿಯ ಕಾಡಿನ ಅಂಚಿನಲ್ಲಿ ಹರಿಯುವ ಕಾವೇರಿಯಲ್ಲಿ, ಸಂಗಮದಿಂದ ಬಿಳಿಗುಂಡ್ಲು ದಾಟಿ ಹೊಗೇನಕಲ್ಲಿನವರೆಗೆ, ಗೂನುಬೆನ್ನಿನ ಕಿತ್ತಳೆ ರೆಕ್ಕೆಯ ಮಹಸೀರ್ ಇತ್ತು. ಐವತ್ತು ಕಿಲೋ ಮುಟ್ಟುವ ಮೀನು. ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ಮಹಸೀರ್ ಕಡಿಮೆಯಾಗುತ್ತಿದೆ ಎಂಬ ಕಳಕಳಿಯಿಂದ ಮಹಾರಾಷ್ಟ್ರದ ಲೋನಾವಳದ ಟಾಟಾ ಪವರ್ ಮರಿ ಕೇಂದ್ರದಲ್ಲಿ ಕೃತಕವಾಗಿ ಮರಿ ಮಾಡಿಸಿದರು. ಅದು ದೊಡ್ಡ ಸಾಧನೆಯೇ. ಅಲ್ಲಿನ ಮರಿಗಳು 1970ರ ದಶಕದ ಕೊನೆಯಿಂದ ಕಾವೇರಿಗೂ ಬಂದವು. ಬಂದದ್ದು ನೀಲಿ ರೆಕ್ಕೆಯ ಮಹಸೀರ್, ಬೇರೆ ಜಾತಿ. ಎಲ್ಲರಿಗೂ ಮಹಸೀರ್ ಎಂದರೆ ಮಹಸೀರ್. ಬರಬರುತ್ತ ಗಾಳಕ್ಕೆ ಸಿಗುತ್ತಿದ್ದದ್ದು ಬಹುಪಾಲು ನೀಲಿ ರೆಕ್ಕೆಯದೇ ಆಯಿತು. ಗೂನುಬೆನ್ನಿನದಕ್ಕೆ ವಿಜ್ಞಾನಿಗಳು ಟಾರ್ ರೆಮಾದೇವಿ ಎಂಬ ಹೆಸರು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಐಯುಸಿಎನ್ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಪ್ರಾಣಿಗಳ ಕೆಂಪುಪಟ್ಟಿಗೆ ಸೇರಿಸಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಇರಲಿಲ್ಲ ಎನ್ನುವ ಸ್ಥಿತಿ. ಮೋಯಾರಿನಲ್ಲಿ ಒಂದಷ್ಟು ಉಳಿದಿವೆ. ಅಣೆಕಟ್ಟೆ, ಸಿಡಿಮದ್ದು, ಮರಳು ಎಲ್ಲಕ್ಕೂ ಇದರಲ್ಲಿ ಪಾಲಿದೆ. ಆದರೂ ಡ್ರಮ್ಮಿನಲ್ಲಿ ಬಂದ ಒಳ್ಳೆಯತನಕ್ಕೆ ದೊಡ್ಡ ಪಾಲು. ಇದು ರೋಗದ ಕಥೆಯಲ್ಲ, ನಿಜ. ಆದರೆ ಅಂದು ಡ್ರಮ್ಮು ನಿಲ್ಲಿಸಿ "ಯಾವ ಮಹಸೀರ್, ಎಲ್ಲಿಂದ" ಎಂದು ಕೇಳುವ ಒಬ್ಬ ಗುಮಾಸ್ತನಿದ್ದಿದ್ದರೆ ಸಾಕಾಗಿತ್ತು.

ಆದ್ದರಿಂದ ಸರ್ಕಾರಿ ಜೀಪಿನ ಹಿಂದೆ ಬರುವ ಮೀನುಮರಿಯನ್ನೂ ನಿಲ್ಲಿಸತಕ್ಕದ್ದು. ಮಂತ್ರಿಗಳು ಕೆರೆಗೆ ಮರಿ ಬಿಡುವ ಸಮಾರಂಭಕ್ಕೆ ತಡವಾಗುತ್ತದೆ ಎಂದರೂ ಬಕೆಟ್ ಪರೀಕ್ಷೆ ಮುಗಿಸಿಯೇ ಕಳಿಸತಕ್ಕದ್ದು. ಬೇರೆ ಕಡೆಗೆ ವರ್ಗವಾದರೆ ಈ ಕೈಪಿಡಿಯನ್ನು ಮುಂದಿನವರಿಗೆ ಕೊಟ್ಟು ಹೋಗಿ.

ಸತ್ತ ಮೀನಿನ ಕಡತ

ಕೆರೆಯಲ್ಲಿ ಮೀನು ಸತ್ತು ತೇಲಿದರೆ ಎಲ್ಲ ಇಲಾಖೆಗಳಿಗೂ ಒಮ್ಮೆಲೆ ರೋಗದ ಮೇಲೆ ಪ್ರೀತಿ ಹುಟ್ಟುತ್ತದೆ. ರೋಗವಾದರೆ ಕೊಳಚೆ ಬಿಟ್ಟವರು ಯಾರು ಎಂದು ಕೇಳಬೇಕಾಗಿಲ್ಲವಲ್ಲ. ನಿಮ್ಮ ಸಹಿಗಾಗಿ ಕಾಗದ ಬರುತ್ತದೆ. ಸಹಿಗೆ ಮುಂಚೆ ದಡಕ್ಕೆ ಹೋಗಿ ನೋಡಿ. ಒಂದೇ ರಾತ್ರಿಯಲ್ಲಿ, ದೊಡ್ಡದು ಚಿಕ್ಕದು ಎನ್ನದೆ, ಎಲ್ಲ ಜಾತಿಯೂ ಸತ್ತಿದ್ದರೆ, ಬೆಳಗಿನ ಜಾವ ಬಾಯಿ ಮೇಲೆತ್ತಿ ಗಾಳಿಗೆ ಒದ್ದಾಡಿದ್ದರೆ, ಅದು ಆಮ್ಲಜನಕ ಹೋದ ನೀರು. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನು ರಾಶಿ ಬಿದ್ದದ್ದು ಹಾಗೆ. ಒಂದೇ ಜಾತಿ, ದಿನಕ್ಕಿಷ್ಟು ಎಂದು ಸಾಯುತ್ತ, ಮೈಮೇಲೆ ಹುಣ್ಣೋ ಕಿವಿರು ಬಿಳಿಚಿಕೊಂಡದ್ದೋ ಕಂಡರೆ ಆಗ ರೋಗವೆಂದು ಬರೆಯಿರಿ. ಕೊಳಚೆಯಲ್ಲಿ ಸೋತ ಮೀನಿಗೆ ರೋಗ ಬೇಗ ಹಿಡಿಯುವುದರಿಂದ ಎರಡೂ ಒಟ್ಟಿಗೆ ಇರುವುದೂ ಉಂಟು. ಆಗ ಎರಡನ್ನೂ ಬರೆಯಿರಿ, ಕೊಳಚೆಯನ್ನು ಮೊದಲ ಸಾಲಿನಲ್ಲಿ.

ಅನುಬಂಧ: ಮರಿ ಕೊಳ್ಳುವವರಿಗೆ

ಠಾಣೆ ತೆರೆಯುವವರೆಗೆ ತಪಾಸಣೆಯ ಭಾರವೆಲ್ಲ ಕೆರೆ ಹರಾಜು ಹಿಡಿದವರ ಮತ್ತು ಕೃಷಿಹೊಂಡದವರ ಮೇಲೆಯೇ ಇದೆ. ಬಾರೂರಿನಂಥ ಸರ್ಕಾರಿ ಮರಿಕೇಂದ್ರವೋ ನಂಬಿಕೆಯ ಸಾಕಣೆದಾರನೋ, ಒಂದೇ ಕಡೆಯಿಂದ ಕೊಳ್ಳಿ. ನಾಲ್ಕು ಕಡೆಯ ಮರಿ ಒಂದೇ ಹೊಂಡಕ್ಕೆ ಬೇಡ. ತಂದ ಚೀಲವನ್ನು ಬಿಚ್ಚದೆ ಕಾಲು ಗಂಟೆ ನೀರಿನ ಮೇಲೆ ತೇಲಿಸಿ, ಬಿಸಿ ತಂಪು ಒಂದಾಗಲಿ. ಆಮೇಲೆ ಮರಿಗಳನ್ನು ಜಾಲರಿಯಲ್ಲಿ ಎತ್ತಿಕೊಳ್ಳಿ. ಲೀಟರಿಗೆ ಇಪ್ಪತ್ತು ಮೂವತ್ತು ಗ್ರಾಂ ಹರಳುಪ್ಪು ಕರಗಿಸಿದ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಒದ್ದಾಡತೊಡಗಿದ ಕೂಡಲೇ ತೆಗೆಯಿರಿ. ಹೇನಿನಂಥ ಹೊರಮೈ ಪೀಡೆಗಳು ಇದರಿಂದ ಕಡಿಮೆಯಾಗುತ್ತವೆ. ವೈರಸ್ ಜಗ್ಗುವುದಿಲ್ಲ, ಅದಕ್ಕೆ ಎರಡು ಮೂರು ವಾರ ಪ್ರತ್ಯೇಕ ತೊಟ್ಟಿಯಲ್ಲೋ ಬಲೆಯ ಹಾಪಾದಲ್ಲೋ ಇಟ್ಟು ನೋಡುವುದೊಂದೇ ದಾರಿ. ಬಾಡಿಗೆ ಬಲೆಯನ್ನು ಬಿಸಿಲಲ್ಲಿ ಗರಿಗರಿ ಒಣಗಿಸದೆ ನೀರಿಗೆ ಇಳಿಸಬೇಡಿ. ಚೀಲದ ನೀರನ್ನು ಕೆರೆಗೆ ಸುರಿಯಬೇಡಿ, ಹಣ ಕೊಟ್ಟದ್ದು ಮೀನಿಗೆ.

ಹುಣ್ಣೋ ಸಾವೋ ಕಂಡರೆ ಜಿಲ್ಲೆಯ ಮೀನುಗಾರಿಕೆ ಸಹಾಯಕ ನಿರ್ದೇಶಕರಿಗೆ ತಿಳಿಸಿ. ಕೇಂದ್ರ ಸರ್ಕಾರ 2023ರಲ್ಲಿ ಬಿಟ್ಟ ರಿಪೋರ್ಟ್ ಫಿಶ್ ಡಿಸೀಸ್ ಆ್ಯಪ್ ಮೂಲಕವೂ ವಿವರ ಕಳಿಸಬಹುದು. ಸತ್ತು ಉಬ್ಬಿದ ಮೀನನ್ನು ಕವರಿನಲ್ಲಿ ಹೊತ್ತು ತರಬೇಡಿ, ಅದರಿಂದ ಪ್ರಯೋಗಾಲಯದವರಿಗೆ ವಾಸನೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಇನ್ನೂ ಜೀವ ಇರುವ, ಸಾಯಲು ಹತ್ತಿರವಾದ ಎರಡು ಮೂರು ಮೀನನ್ನು ಐಸಿನಲ್ಲಿಟ್ಟು ಅದೇ ದಿನ ತಲುಪಿಸಿ. ಶನಿವಾರ ಮಧ್ಯಾಹ್ನದ ಒಳಗೆ.